ಬ್ರೇಕ್ ಮೇಡಂ ಹೊಟ್ಟೆಪಾಡು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಕಲಿಸುವವರ ಕಾಲಡಿ. ಕಲಿಯುವವರು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಾಗ ಪಕ್ಕದ ಸೀಟಿನಲ್ಲಿ ಕೂತವರು ತಮ್ಮ ಬ್ರೇಕು ಒತ್ತಿ ಎಲ್ಲರ ಪ್ರಾಣ ಉಳಿಸಬೇಕು. ಆ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವಳಿಗೆ ಬಿದ್ದ ಹೆಸರು ಬ್ರೇಕ್ ಮೇಡಂ. ಮೇಡಂ ಎಂದು ಕರೆದು ಮರುಗಳಿಗೆಯೇ ‘ಅವಳು’ ಎನ್ನುವುದೇ ಎಂದು ಮುಖ ಸಿಂಡರಿಸಬೇಡಿ. ಮನೆಮಗಳಂಥವಳ ಕಥೆಯನ್ನು ಬಹುವಚನದಲ್ಲಿ ಹೇಳಿದರೆ ರುಚಿಯೇ ಇರುವುದಿಲ್ಲ.

ಅವಳ ಪಾಠ ಕೇಳಬೇಕಿತ್ತು ನೀವು. “ಕ್ಲಚ್ಚಿಂದ ಕಾಲು ತೆಗೆಯೋದು ಅಂದ್ರೆ, ನಿದ್ದೆ ಹೋದ ಮಗು ತಲೆ ಕೆಳಗಿಂದ ಕೈ ತೆಗೀತೀರಲ್ಲ, ಹಾಗೆ. ಚೇಳು ಕಡಿದವರ ಥರ ಎಗರಬಾರದು!” ಎನ್ನುತ್ತಿದ್ದಳು. ಏರುದಾರಿಯಲ್ಲಿ ಗಾಡಿ ಹಿಂದಕ್ಕೆ ಜಾರಿ, ಕಲಿಯುವವರು ಕಣ್ಣುಮುಚ್ಚಿ ದೇವರನ್ನು ಕರೆದರೆ, “ದೇವ್ರು ಆಮೇಲೆ ಬರ್ತಾನೆ, ಮೊದಲು ಹ್ಯಾಂಡ್‌ಬ್ರೇಕ್ ಎಳೀರಿ” ಎನ್ನುತ್ತಿದ್ದಳು. ಬೇರೆ ಕಡೆ ಫೇಲಾಗಿ ಫೇಲಾಗಿ ಕೈಚೆಲ್ಲಿದವರೆಲ್ಲ ಕೊನೆಗೆ ಅವಳ ಹತ್ತಿರ ಬಂದು ಪಾಸಾಗುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಅವಳ ಗಂಡ ಮಹಾ ಮಿತಭಾಷಿ. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಆ ಪಕ್ಕದ ಸೀಟೆಂದರೆ ಅವಳಿಗೆ ಪ್ರಾಣ. ರಜೆಯ ದಿನ ಬಸ್ಸಿನಲ್ಲಿ ಕೂತರೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ತಾನಾಗಿ ತುಳಿಯುತ್ತಿತ್ತು.

ಅಂಥವಳಿಗೆ ಹೊಟ್ಟೆ ಕೈಕೊಟ್ಟಿತು. ಹೊಟ್ಟೆಪಾಡಿಗೆಂದು ಮಾಡುವ ಕೆಲಸಕ್ಕೆ ಹೊಟ್ಟೆಯೇ ಅಡ್ಡ ಬಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಮೊದಮೊದಲು ಊಟವಾದ ಮೇಲೆ ಹೊಕ್ಕುಳ ಕೆಳಗೆ, ಬಲಗಡೆ, ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ನೋವು. ಆಮೇಲೆ ಭೇದಿ ಶುರುವಾಯಿತು. ಬಂತೆಂದರೆ ಬಂತೇ, ತಡೆಯುವ ಮಾತೇ ಇಲ್ಲ. ಇಂದು ನಿಂತೀತು ನಾಳೆ ನಿಂತೀತು ಎಂದು ಕಾಯುತ್ತಲೇ ತಿಂಗಳುಗಳು ಉರುಳಿದವು. ಬಾಯಲ್ಲಿ ಹುಣ್ಣು, ಸಂಜೆಯಾದರೆ ಮೈ ಬಿಸಿ. ಉಟ್ಟ ಬಟ್ಟೆಗಳೆಲ್ಲ ಬೇರೆಯವರವೇನೋ ಅನ್ನುವಷ್ಟು ಸಡಿಲ.

ಮಾತಿನ ಮಲ್ಲಿ ಅವಳು. ಆದರೆ ಈ ಒಂದು ವಿಷಯ ಮಾತ್ರ ಬಾಯಿಂದ ಹೊರಡದು. “ಏನಾಯ್ತೇ?” ಎಂದು ಯಾರು ಕೇಳಿದರೂ “ಹೊಟ್ಟೆ ಸ್ವಲ್ಪ ಸರಿಯಿಲ್ಲ” ಅಷ್ಟೇ ಉತ್ತರ. ಹೊಟ್ಟೆ ಸರಿಯಿಲ್ಲ ಎಂದ ಕೂಡಲೇ ಜಗತ್ತಿಗೆ ಜಗತ್ತೇ ವೈದ್ಯನಾಗಿಬಿಡುತ್ತದೆ ನೋಡಿ. ನಾದಿನಿ ಹಾಲು ಬಿಡು ಎಂದಳು, ಪಕ್ಕದ ಮನೆಯವರು ಹಾಲು ಮಾತ್ರ ಕುಡಿ ಎಂದರು. ಇವರೆಲ್ಲ ಸಾಲದ್ದಕ್ಕೆ ಆ ಗಾದೆ ಒಂದು: ಊಟ ಬಲ್ಲವನಿಗೆ ರೋಗವಿಲ್ಲ. ಈ ಗಾದೆ ಕಟ್ಟಿದ ಮಹಾನುಭಾವ ಸಿಕ್ಕರೆ ಒಂದು ಮಾತು ಕೇಳಬೇಕು. ಅಳತೆಯಲ್ಲಿ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ, ಯಾರ ತಂಟೆಗೂ ಹೋಗದವರಿಗೂ ಬರುವ ರೋಗಗಳಿವೆಯಲ್ಲ ಸ್ವಾಮಿ, ಅವರಿಗೆ ಯಾವ ಗಾದೆ ಇಟ್ಟಿದ್ದೀರಿ?

ಮಾತು ಆಡದಿದ್ದರೂ ಕೆಲಸ ಆಗಬೇಕಲ್ಲ. ಅವಳೊಂದು ಉಪಾಯ ಹುಡುಕಿದಳು. ಊರಿನ ಯಾವ ರಸ್ತೆಯಲ್ಲಿ ಕಕ್ಕಸು ಎಲ್ಲಿದೆ, ಯಾವ ಪೆಟ್ರೋಲ್ ಬಂಕಿನದ್ದಕ್ಕೆ ಬೀಗ ಹಾಕಿರುತ್ತಾರೆ, ಬೀಗದ ಕೈ ಯಾರ ಹತ್ತಿರ, ಗ್ರಂಥಾಲಯ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲ ಬಾಯಿಪಾಠವಾಯಿತು. ಪಾಠದ ದಾರಿಯೆಲ್ಲ ಬಂಕಿನಿಂದ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ರೈಲ್ವೆ ಸ್ಟೇಷನ್ನಿಗೆ. ನಡುವೆ ಇದ್ದಕ್ಕಿದ್ದಂತೆ, “ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಪಕ್ಕಕ್ಕೆ ತಗೊಳ್ಳಿ, ನಿಲ್ಸಿ ನಿಲ್ಸಿ ನಿಲ್ಸಿ!” ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಬಾಗಿಲು ತೆರೆದಿರುತ್ತಿತ್ತು. “ನಾ ಬರೋವರ್ಗೂ ಕನ್ನಡಿ ಸರಿಮಾಡೋದು ಪ್ರಾಕ್ಟೀಸ್ ಮಾಡ್ತಿರಿ” ಎಂದು ಹೇಳಿ ಮಾಯ. ಆ ವರ್ಷ ಅವಳ ಹತ್ತಿರ ಕಲಿತವರನ್ನು ಈಗಲೂ ಗುರುತಿಸಬಹುದು. ಎಂಥ ಇಕ್ಕಟ್ಟಿನಲ್ಲೂ ಕಣ್ಣುಮುಚ್ಚಿ ತೆಗೆಯುವುದರೊಳಗೆ ಗಾಡಿ ನಿಲ್ಲಿಸುತ್ತಾರೆ, ಕನ್ನಡಿಯಂತೂ ಕೂದಲೆಳೆಯಷ್ಟೂ ಆಚೀಚೆ ಇರುವುದಿಲ್ಲ.

ಆದರೆ ಎಷ್ಟು ದಿನ ನಡೆದೀತು ಈ ಕಣ್ಣಾಮುಚ್ಚಾಲೆ? ಒಂದು ದಿನ ಕಲಿಯುವವರೊಬ್ಬರು ಅವಳು ಬರುವವರೆಗೆ ಸುಮ್ಮನೆ ಕೂರದೆ, ಗಾಡಿ ತಾವೇ ಹಿಂದಕ್ಕೆ ತೆಗೆಯಲು ಹೋಗಿ ಬಂಕಿನ ಗಾಳಿ ಹಾಕುವ ಯಂತ್ರಕ್ಕೆ ಗುದ್ದಿದರು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಸ್ಕೂಲಿನ ಯಜಮಾನರು ದಪ್ಪ ಮೀಸೆಯ ಮನುಷ್ಯ, ಹೊರಗೆ ಒರಟು, ಒಳಗೆ ಬೆಣ್ಣೆ. ನುಜ್ಜಾದ ಬಂಪರನ್ನು ಸವರುತ್ತಾ, “ನಿಂಗೆ ಏನಾಗಿದೆಯಮ್ಮ? ಮೈ ನೋಡು, ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯ. ಸ್ವಲ್ಪ ದಿನ ಒಳಗೆ ಕೂತ್ಕೋ” ಎಂದರು.

ಈ ‘ಒಳಗೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ರೈವಿಂಗ್ ಸ್ಕೂಲಿನವರ ಬಾಯಲ್ಲಿ ಒಳಗೆ ಕೂರುವುದೆಂದರೆ ಆಫೀಸಿನ ಮೇಜು, ಫೋನು, ಅರ್ಜಿ. ಹೊರಗೆ ಹೋಗುವುದೆಂದರೆ ಕಾರು ತೆಗೆದುಕೊಂಡು ಪಾಠಕ್ಕೆ ಹೋಗುವುದು. “ಇವತ್ತು ನೀನು ಹೊರಗಾ ಒಳಗಾ?” ಎಂಬುದೇ ಅವರ ಬೆಳಗಿನ ನಮಸ್ಕಾರ. ಅವಳು ಒಳಗಾದಳು. ವಾರಕ್ಕೊಮ್ಮೆ ಯಜಮಾನರು, “ಏನೂ ಆಗಲ್ಲ, ಧೈರ್ಯ ಮಾಡಿ ಒಂದು ರೌಂಡ್ ಹೋಗಿ ಬಾರಮ್ಮ” ಎಂದು ಗದರಿಸಿ ಕಳಿಸುವುದು. ಹೀಗೇ ಆದರೆ ಆ ಸೀಟಿಗೆ ಬೇರೆಯವರು ಬಂದು ಕೂರುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಆ ಸೀಟು ಹೋದರೆ ತಾನೂ ಹೋದಂತೆಯೇ ಎಂದು ಅನಿಸಿತು. ಆ ಭಯಕ್ಕೇ ಕೊನೆಗೆ ಡಾಕ್ಟರ ಹತ್ತಿರ ಹೋದಳು.

ಓಣಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ವಯಸ್ಸಾದವರು, ಸಂಕೋಚದ ಸ್ವಭಾವದವರು. ಹೆಂಗಸರೊಂದಿಗೆ ಮಾತಾಡುವಾಗ ಪೆನ್ನಿನ ಮುಚ್ಚಳವನ್ನೇ ನೋಡುತ್ತಾ ಮಾತಾಡುವವರು. ಅವರ ಮುಂದೆಯೂ ಅವಳು ಹೊಟ್ಟೆನೋವು ಎಂದಷ್ಟೇ ಹೇಳಿದಳು. ಅವರು ಹೊಟ್ಟೆ ಒತ್ತಿ ನೋಡಿದರು. ಬಲಗಡೆ ಗಟ್ಟಿಯಾಗಿ ಏನೋ ಸಿಕ್ಕಿತು. ಆಮೇಲೆ ಮೆತ್ತಗಿನ ದನಿಯಲ್ಲಿ ಕೇಳಿದರು: “ಹೊರಗೆ ಸರಿಯಾಗಿ ಹೋಗ್ತಿದ್ದೀರಾಮ್ಮ?”

ನಮ್ಮ ಮಾತಿನಲ್ಲಿ ಕಕ್ಕಸಿಗೆ ಹೋಗುವುದಕ್ಕೆ ಮರ್ಯಾದೆಯ ಹೆಸರು ‘ಹೊರಗೆ ಹೋಗುವುದು’. ಕಕ್ಕಸು ಮನೆಯೊಳಗೆ, ಮಲಗುವ ಕೋಣೆಯ ಪಕ್ಕಕ್ಕೇ ಬಂದು ಎಷ್ಟು ಕಾಲವಾದರೂ ನಾವು ಮಾತ್ರ ಇನ್ನೂ ಹೊರಗೇ ಹೋಗುತ್ತಿದ್ದೇವೆ. ಡಾಕ್ಟರು ಕೇಳಿದ್ದು ಆ ಹೊರಗೆ. ಹಗಲಿರುಳು ಕಾರಿನ ಚಿಂತೆಯಲ್ಲೇ ಬೇಯುತ್ತಿದ್ದ ಇವಳ ಕಿವಿಗೆ ಬಿದ್ದದ್ದು ಸ್ಕೂಲಿನ ಹೊರಗೆ.

“ಎಲ್ಲಿ ಡಾಕ್ಟ್ರೇ” ಎಂದಳು, ಕಣ್ಣಲ್ಲಿ ನೀರು ತಂದುಕೊಂಡು. “ಮುಂಚೆ ದಿನಾ ಬೆಳಗ್ಗೆ ಸಂಜೆ ಹೋಗ್ತಿದ್ದೆ. ಈಗ ವಾರಕ್ಕೊಂದು ಸಲ ಹೋದ್ರೆ ಪುಣ್ಯ.”

“ವಾರಕ್ಕೊಂದೇ ಸಲಾನಾ?”

“ಅದೂ ಯಜಮಾನ್ರು ಗದರಿಸಿ ಕಳಿಸಿದ್ರೆ.”

ಯಜಮಾನರು ಎಂದರೆ ಗಂಡನೇ ಎಂದು ತಿಳಿದ ಡಾಕ್ಟರು ತಲೆಯೆತ್ತಿ ಒಂದು ಕ್ಷಣ ಅವಳನ್ನು ನೋಡಿದರು. ಗಂಡ ಗದರಿಸಿ ಇಂಥ ಕೆಲಸಕ್ಕೆ ಕಳಿಸುವ ಸಂಸಾರ ಅವರ ಇಷ್ಟು ವರ್ಷದ ಅನುಭವದಲ್ಲಿ ಬಂದಿರಲಿಲ್ಲ. “ಹೋದಾಗ ಕಷ್ಟ ಆಗುತ್ತಾ?” ಎಂದರು.

“ಪ್ರಾಣ ಕೈಲಿ ಹಿಡ್ಕೊಂಡು ಹೋಗ್ತೀನಿ. ಬೇಗ ಮುಗಿದ್ರೆ ಸಾಕು ಅನ್ಸುತ್ತೆ.”

ಆಯಿತಲ್ಲ! ಹೊಟ್ಟೆಯಲ್ಲಿ ಗಂಟು, ನೋವು, ವಾರಕ್ಕೊಂದು ಸಲ, ಅದೂ ಕಷ್ಟಪಟ್ಟು. ಮಲಬದ್ಧತೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಭೇದಿಯಾಗಲೆಂದು ಪುಡಿ ಬರೆದುಕೊಟ್ಟು, “ಭಯ ಪಡಬೇಡಿ. ಒಂದು ವಾರದಲ್ಲಿ ದಿನಾ ಹೊರಗೆ ಹೋಗೋ ಹಾಗೆ ಮಾಡ್ತೀನಿ” ಎಂದರು ಡಾಕ್ಟರು. ಅವಳು ಎದ್ದು ಎರಡೂ ಕೈ ಜೋಡಿಸಿದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಾ, ಇಂಥ ಒಳ್ಳೆಯ ಡಾಕ್ಟರು ಓಣಿಯಲ್ಲೇ ಇದ್ದರೂ ಇಷ್ಟು ದಿನ ಬರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬೇಗ ವಾಸಿಯಾಗಲೆಂದು ಪುಡಿಯನ್ನು ಹೇಳಿದ್ದಕ್ಕಿಂತ ಒಂದು ಚಮಚ ಹೆಚ್ಚೇ ಹಾಕಿಕೊಂಡಳು.

ಆಮೇಲಿನದನ್ನು ಹೇಗೆ ಹೇಳಲಿ? ಮೊದಲೇ ಮಂಗ, ಅದಕ್ಕೆ ಹೆಂಡ ಬೇರೆ ಕುಡಿಸಿದ ಹಾಗಾಯಿತು. ಮೊದಲೇ ಹುಣ್ಣಾಗಿದ್ದ ಕರುಳಿಗೆ ಭೇದಿ ಔಷಧಿ! ಮರುದಿನ ಮಧ್ಯಾಹ್ನ ಅವಳು ಕಕ್ಕಸಿನ ಬಾಗಿಲಲ್ಲೇ ಕುಸಿದಳು. ತುಟಿ ಒಣಗಿ ಬೆಳ್ಳಗೆ, ಕೈಕಾಲು ತಣ್ಣಗೆ. ಗಂಡ ಅಂಗಡಿಯಲ್ಲಿದ್ದ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ.

ಈ ಅತ್ತೆಯ ಪರಿಚಯ ಮಾಡಿಕೊಡಲೇಬೇಕು. ಶಿಶುವಿಹಾರವೊಂದರಲ್ಲಿ ಆಯಾ ಆಗಿ ಕೆಲಸ ಮಾಡಿ ನಿವೃತ್ತರಾದವರು. ನೂರಾರು ಮಕ್ಕಳನ್ನು ತೊಳೆದು ಒರೆಸಿ ಬೆಳೆಸಿದ ಕೈ ಅದು. ಮರ್ಯಾದೆಯ ಮಾತು, ಅಡ್ಡಮಾತು, ಸಂಕೋಚದ ಮಾತು ಯಾವುದೂ ಅವರಿಗೆ ಬರದು. ನೆಂಟರ ಮುಂದೆ ಅತ್ತೆ ಬಾಯಿ ತೆರೆದರೆ ಏನು ಉದುರುತ್ತದೋ ಎಂದು ಸೊಸೆ ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಬದುಕಿದ್ದಳು. ಅದೇ ಬಾಯಿ ಅಂದು ಅವಳ ಜೀವ ಉಳಿಸಿತು.

ಅತ್ತೆ ಸೊಸೆಯನ್ನು ಪಕ್ಕದ ಮನೆಯವರ ಗಾಡಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ನುಗ್ಗಿದರು. ಕಾಯುತ್ತಿದ್ದ ಜನ ತಾವಾಗಿ ದಾರಿ ಬಿಟ್ಟರು. “ಏನ್ ಡಾಕ್ಟ್ರಪ್ಪಾ ನೀವು!” ಎಂದು ಬಾಗಿಲಲ್ಲೇ ಶುರುಮಾಡಿದರು ಅತ್ತೆ. “ದಿನಕ್ಕೆ ಹತ್ತು ಹನ್ನೆರಡು ಸಲ ಕಕ್ಕಸಿಗೆ ಓಡೋಳಿಗೆ ಭೇದಿ ಪುಡಿ ಕೊಟ್ಟಿದ್ದೀರಲ್ಲ, ಏನು ಕರುಳೇ ಕಿತ್ತು ಈಚೆಗೆ ಬರ್ಲಿ ಅಂತಾನಾ?”

ಡಾಕ್ಟರ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು. “ಹತ್ತು ಸಲಾನಾ? ಇವರೇ ವಾರಕ್ಕೊಂದು ಸಲ ಅಂದ್ರಲ್ಲಮ್ಮ?”

“ಅದು ಕಾರು ಡಾಕ್ಟ್ರೇ...” ಎಂದಳು ಅವಳು, ಮಲಗಿದ್ದಲ್ಲಿಂದಲೇ, ಕ್ಷೀಣ ದನಿಯಲ್ಲಿ. “ವಾರಕ್ಕೊಂದು ಸಲ ಕಾರು.”

ಎಲ್ಲರಿಗೂ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಅರ್ಥವಾದ ಮೇಲೆ ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಮರುಕ್ಷಣ ಎದ್ದು ತಾವೇ ಡ್ರಿಪ್ ಹಾಕಿದರು. ಪೆನ್ನು ಮುಚ್ಚಳ ಎಲ್ಲ ಬದಿಗಿಟ್ಟು, ಮೊದಲ ಸಲ ಅವಳ ಮುಖವನ್ನೇ ನೋಡುತ್ತಾ ಒಂದೊಂದೇ ಬಿಡಿಸಿ ಕೇಳಿದರು. ರಕ್ತ ಬೀಳುತ್ತಾ? ನಿದ್ದೆಯಿಂದ ಎಬ್ಬಿಸುತ್ತಾ? ಎಷ್ಟು ದಿನದಿಂದ? ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ತಡವರಿಸಿದ ಕಡೆ ಅತ್ತೆ ಹೇಳಿದರು. ಕೇಳುತ್ತಾ ಕೇಳುತ್ತಾ ಡಾಕ್ಟರ ಹಣೆ ಬೆವರಿತು.

“ಇದು ನನ್ನ ಕೈ ಮೀರಿದ್ದು. ಕರುಳಿನ ಡಾಕ್ಟರಿಗೆ ತೋರಿಸ್ಬೇಕು, ಇವತ್ತೇ” ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, “ನಾನೇ ಬಿಡಿಸಿ ಕೇಳ್ಬೇಕಿತ್ತು. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ತಾಯಿ” ಎಂದು ಕೈಮುಗಿದರು.

“ಹೊಟ್ಟೆಗೆ ಇನ್ನೇನೂ ಹಾಕ್ಬೇಡಿ ಡಾಕ್ಟ್ರೇ” ಎಂದರು ಅತ್ತೆ. “ಹಾಕಿದ್ದೇ ನಿಲ್ತಾ ಇಲ್ಲ.”

ಸೊಸೆಗೆ ಆ ಸಂಕಟದಲ್ಲೂ ನಗು ಬಂತು. ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಿ, ಕಾಯುತ್ತಿದ್ದವರಿಗೆ ನಾಳೆ ಬನ್ನಿ ಎಂದು ಹೇಳಿ, ತಮ್ಮ ಹಳೆಯ ಕಾರಿನಲ್ಲೇ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಪ್ಪು ಮಾಡದವರು ಯಾರಿದ್ದಾರೆ ಹೇಳಿ? ಆದರೆ ಮಾಡಿದ ತಪ್ಪಿನ ಜೊತೆ ಆಸ್ಪತ್ರೆಯ ತನಕ ಬರುವವರು ನೂರಕ್ಕೊಬ್ಬರು. ಆ ಮನುಷ್ಯನನ್ನು ನೆನೆದರೆ ಅವಳಿಗೆ ಇಂದಿಗೂ ಕೋಪ ಬರುವುದಿಲ್ಲ, ಕಣ್ಣು ತುಂಬುತ್ತದೆ.

ಕರುಳಿನ ಡಾಕ್ಟರು ಕಿರಿಯ ವಯಸ್ಸಿನ ಹೆಂಗಸು, ಚುರುಕು. ಕ್ಯಾಮೆರಾದ ಕೊಳವೆ ಇಳಿಸಿ ಕರುಳಿನ ಒಳಗನ್ನು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ಕೊನೆಗೆ ಗಂಡ, ಹೆಂಡತಿ, ಅತ್ತೆ ಮೂವರನ್ನೂ ಕೂರಿಸಿಕೊಂಡು ಹೇಳಿದರು: “ಇದಕ್ಕೆ ಕ್ರೋನ್ಸ್ ಅಂತಾರೆ. ಸಣ್ಣ ಕರುಳು ದೊಡ್ಡ ಕರುಳು ಸೇರೋ ಕಡೆ ಹುಣ್ಣಾಗಿ ಊದ್ಕೊಂಡಿದೆ. ಮೈಯನ್ನ ಕಾಯೋ ಶಕ್ತಿನೇ ದಾರಿ ತಪ್ಪಿ ಕರುಳಿನ ಮೇಲೆ ಬಿದ್ದಿದೆ. ಕಾವಲಿಗೆ ಅಂತ ಸಾಕಿದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ.”

“ನಾನು ಏನ್ ತಿಂದು ಬಂತು ಡಾಕ್ಟ್ರೇ?” ಅವಳು ಕೇಳಿದ ಮೊದಲ ಪ್ರಶ್ನೆ ಅದು.

“ನೀವು ತಿಂದದ್ದಕ್ಕೆ ಬಂದದ್ದಲ್ಲ. ನಿಮ್ಮ ತಪ್ಪು ಏನೂ ಇಲ್ಲ.”

ಅವಳು ಜೋರಾಗಿ ಅತ್ತುಬಿಟ್ಟಳು. ಕಾಯಿಲೆಗೆ ಅತ್ತದ್ದಲ್ಲ. ನಿನ್ನ ತಪ್ಪಿಲ್ಲ ಎಂದು ಅಷ್ಟು ದಿನದಲ್ಲಿ ಹೇಳಿದವರು ಅವರೊಬ್ಬರೇ. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟು, “ಪೂರ್ತಿ ವಾಸಿ ಆಗುತ್ತಾ?” ಎಂದು ಕೇಳಿದ. “ಬೇರು ಸಮೇತ ಕೀಳೋಕೆ ಆಗಲ್ಲ. ಆದ್ರೆ ಸರಿಯಾದ ಔಷಧಿ ಸಿಕ್ಕಿದ್ರೆ ಮಲಗಿಸಿಡಬಹುದು. ಯಾರಿಗೆ ಯಾವುದು ಒಗ್ಗುತ್ತೆ ಅನ್ನೋದು ನೋಡ್ತಾ ನೋಡ್ತಾನೇ ಗೊತ್ತಾಗೋದು. ತಾಳ್ಮೆ ಬೇಕು” ಎಂದರು ಡಾಕ್ಟರು.

ತಾಳ್ಮೆ! ಹೇಳುವುದು ಸುಲಭ. ಮೊದಲು ಸ್ಟಿರಾಯ್ಡ್ ಮಾತ್ರೆ. ನೋವು ಹೋಯಿತು, ಭೇದಿ ನಿಂತಿತು, ಅಬ್ಬಾ ಬದುಕಿದೆ ಎಂದುಕೊಂಡಳು. ಆದರೆ ಮುಖ ಊದಿಕೊಂಡಿತು, ನಿದ್ದೆ ಹಾರಿಹೋಯಿತು, ಕೋಪ ಮೂಗಿನ ತುದಿಗೆ ಬಂತು. ನೀರಿನ ಲೋಟ ಇಟ್ಟ ಸದ್ದಿಗೂ ಗಂಡನ ಮೇಲೆ ಹರಿಹಾಯ್ದಳು. ಅವನು ಮರುದಿನದಿಂದ ಲೋಟದ ಕೆಳಗೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಮಡಚಿ ಇಡತೊಡಗಿದ. ಬೀದಿಯವರು ಮಾತ್ರ, “ಮೈಕೈ ತುಂಬ್ಕೊಂಡಿದ್ದೀಯ, ಈಗ ನೋಡೋಕೆ ಚೆನ್ನಾಗಿದ್ದೀಯ” ಎಂದು ಹೊಗಳಿದ್ದೇ ಹೊಗಳಿದ್ದು. ಮಾತ್ರೆಯನ್ನು ಮೆಲ್ಲಗೆ ಕಡಿಮೆ ಮಾಡುತ್ತಾ ಬಂದರೆ ಹೊಟ್ಟೆ ಮತ್ತೆ ಹಳೇ ರಾಗ ಎಳೆಯಿತು. ಇನ್ನೊಂದು ಮಾತ್ರೆ ಕೊಟ್ಟರು. ಅದು ಎಷ್ಟೋ ಜನಕ್ಕೆ ಒಗ್ಗುವಂಥದ್ದು. ಇವಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಗಿ ಮತ್ತೆ ಆಸ್ಪತ್ರೆ ಸೇರಿದಳು.

ಅಂದು ಅವಳು ಸೋತುಹೋದಳು. ನೋಡಲು ಬಂದ ಯಜಮಾನರಿಗೆ, “ಆ ಸೀಟು ಬೇರೆಯವರಿಗೆ ಕೊಟ್ಬಿಡಿ ಸಾರ್. ನನ್ನಿಂದ ಇನ್ನು ಆಗಲ್ಲ” ಎಂದಳು.

“ಕೊಟ್ಟಾಯ್ತು” ಎಂದರು ಯಜಮಾನರು.

ಅವಳು ದಿಂಬು ಬಿಟ್ಟು ಎದ್ದು ಕೂತಳು. ತಾನೇ ಕೊಡಿ ಎಂದದ್ದು ನಿಜ. ಆದರೆ ಮನಸ್ಸು ಹಾಗಲ್ಲವಲ್ಲ. “ಯಾರಿಗೆ?” ಎಂದಳು.

“ನಂಗೇ. ನೀನು ಮಲಗಿದಾಗಿಂದ ನಾನೇ ಕೂರ್ತಾ ಇದ್ದೀನಿ. ಕಲಿಯೋರು ನನ್ನ ಕಿರುಚಾಟ ಕೇಳಿ ಅರ್ಧಕ್ಕರ್ಧ ಓಡಿಹೋದ್ರು. ನನ್ನ ಬೀಪಿ ಮುಗಿಲು ಮುಟ್ಟಿದೆ. ಬೇರೆಯವರನ್ನ ಹಾಕಿದ್ರೆ ನೀನು ಬಂದಾಗ ಅವರನ್ನ ಏಳಿಸೋದು ಕಷ್ಟ, ಅದಕ್ಕೇ ಹಾಕಿಲ್ಲ. ಸುಮ್ನೆ ಔಷಧಿ ತಗೋ, ಬೇಗ ಬಾ. ಇಲ್ಲಾಂದ್ರೆ ನಿನ್ನ ಪಕ್ಕದ ಮಂಚಕ್ಕೆ ನಾನೇ ಬರ್ತೀನಿ.” ಹೇಳಿ, ಮೀಸೆ ತಿರುವುತ್ತಾ, ಅವಳ ಕಣ್ಣೀರು ನೋಡಲಾರದೆ ದಡದಡ ನಡೆದುಬಿಟ್ಟರು.

ಕರುಳಿನ ಡಾಕ್ಟರು ಕೈಬಿಡಲಿಲ್ಲ. “ಇನ್ನೊಂದು ದಾರಿ ಇದೆ. ಡ್ರಿಪ್ಪಿನಲ್ಲಿ ಕೊಡೋ ಔಷಧಿ. ದಾರಿ ತಪ್ಪಿದ ಕಾವಲನ್ನ ತಡೆಯುತ್ತೆ. ಶುರುವಲ್ಲಿ ಬೇಗ ಬೇಗ, ಆಮೇಲೆ ಎರಡು ತಿಂಗಳಿಗೊಂದು ಸಲ. ಬೇರೆ ಸೋಂಕು ಒಳಗೆ ಅಡಗಿದ್ರೆ ಕೆರಳಿಬಿಡುತ್ತೆ, ಅದಕ್ಕೆ ಮೊದಲು ಕ್ಷಯ ಇಲ್ಲ ಅಂತ ಪರೀಕ್ಷೆ ಮಾಡಿ ನೋಡ್ಬೇಕು” ಎಂದರು. ಎರಡು ಔಷಧಿಯಿಂದ ಪೆಟ್ಟು ತಿಂದವಳಿಗೆ ಮೂರನೆಯದರ ಹೆಸರೆತ್ತಿದರೆ ನಡುಕ. ಬೇಡ ಎನ್ನುವವಳಿದ್ದಳು. ಅಷ್ಟರಲ್ಲಿ ಮಾತಾಡದ ಗಂಡ ಮಾತಾಡಿದ. “ಒಂದು ನಂಬರ್ ಸರಿಹೋಗಲಿಲ್ಲ ಅಂತ ಯಾರೂ ಕಣ್ಣು ಮುಚ್ಕೊಂಡು ಕೂರಲ್ಲ ಕಣೇ. ಇನ್ನೊಂದು ಗಾಜು ಹಾಕಿ ನೋಡ್ತಾರೆ. ಎಷ್ಟೋ ಜನಕ್ಕೆ ಮೂರನೇ ಗಾಜಿನಲ್ಲಿ ಅಕ್ಷರ ಕಂಡಿದೆ, ನಾನೇ ಕೂರಿಸಿದ್ದೀನಿ.” ಮದುವೆಯಾದಾಗಿನಿಂದ ಅವನು ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದು. ಅವಳು ಹೂಂ ಎಂದಳು.

ಡ್ರಿಪ್ ಹಾಕುವ ಕೋಣೆಯಲ್ಲಿ ಸಾಲಾಗಿ ಒರಗುವ ಕುರ್ಚಿಗಳು, ಕಿಟಕಿಯಿಂದ ಎಳೆಬಿಸಿಲು. ಪಕ್ಕದ ಕುರ್ಚಿಯಲ್ಲಿ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದ ಮನುಷ್ಯ. ವೃತ್ತಿ ದೋಷ, ಮೆಲ್ಲಗೆ ಮಾತಾಡಲು ಬಾರದು. “ಏನಕ್ಕಾ, ನಿಮ್ದೂ ಕ್ರೋನ್ಸಾ? ಜೋರಿದ್ದಾಗ ದಿನಕ್ಕೆಷ್ಟು ಸಲ?” ಎಂದು ಇಡೀ ಕೋಣೆಗೆ ಕೇಳುವಂತೆ ಕೂಗಿದ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸುತ್ತ ನೋಡಿದರೆ ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಎದುರಿನ ಕುರ್ಚಿಯ ಅಜ್ಜಿಯೊಬ್ಬರು ಹೆಣಿಗೆಯಿಂದ ತಲೆಯೆತ್ತದೆ, “ನಂದು ಎಂಟು” ಎಂದರು. “ಹನ್ನೆರಡು” ಎಂದಳು ಅವಳು, ತನಗೇ ಅಚ್ಚರಿಯಾಗುವಂತೆ. “ಓಹೋ, ನೀವೇ ಫಸ್ಟ್!” ಎಂದ ಅವನು. ಕೈಗೆ ಸೂಜಿಯಿದ್ದದ್ದನ್ನೂ ಮರೆತು ಅವಳು ನಕ್ಕಳು, ನರ್ಸು ಬಂದು “ಕೈ ಅಲ್ಲಾಡಿಸ್ಬೇಡಿ” ಎಂದು ಗದರಿಸುವ ತನಕ ನಕ್ಕಳು. ತನ್ನಂಥವರು ಇಷ್ಟು ಜನ ಇದ್ದಾರೆ ಎಂಬುದೇ ಅರ್ಧ ಔಷಧಿಯಾಯಿತು.

ಉಳಿದರ್ಧ ಔಷಧಿ ತನ್ನ ಕೆಲಸ ತಾನು ಮಾಡಿತು, ಸದ್ದಿಲ್ಲದೆ. ಒಂದು ಬೆಳಗ್ಗೆ ಅವಳಿಗೆ ತಾನಾಗಿ ಎಚ್ಚರವಾಯಿತು. ಹೊಟ್ಟೆ ಎಬ್ಬಿಸಿದ್ದಲ್ಲ, ಬೆಳಕು ಎಬ್ಬಿಸಿದ್ದು. ಅತ್ತೆ ಬಾಗಿಲಲ್ಲಿ ನಿಂತು, “ಕಕ್ಕಸಿನ ಚಿಲಕದ ಸದ್ದೇ ಇಲ್ವಲ್ಲೇ, ಹೆದರಿಬಿಟ್ಟೆ” ಎಂದರು. ಹಸಿವಾಯಿತು. ಹಸಿವೆಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು ಅವಳಿಗೆ. ಮೆತ್ತಗೆ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಉದುರಿಸಿ ತಿಂದಳು, ಇನ್ನಷ್ಟು ಬೇಕೆಂದಳು. ಅತ್ತೆ ಪಾತ್ರೆಯನ್ನೇ ತಂದು ಮುಂದಿಟ್ಟರು. ಸಡಿಲವಾಗಿದ್ದ ಬಟ್ಟೆಗಳು ಒಂದೊಂದಾಗಿ ಮೈಗೆ ಕೂತವು. ಕಾಯಿಲೆ ಹೋಗಿಲ್ಲ, ಮಲಗಿದೆ ಅಷ್ಟೇ ಎಂಬುದು ಅವಳಿಗೆ ಗೊತ್ತಿತ್ತು. ಎರಡು ತಿಂಗಳಿಗೊಮ್ಮೆ ಆ ಕುರ್ಚಿ, ಆ ಸೂಜಿ, ರಕ್ತಪರೀಕ್ಷೆ ತಪ್ಪಿದ್ದಲ್ಲ. ಒಮ್ಮೊಮ್ಮೆ ಇಡೀ ದಿನ ಮೈ ಹಿಂಡಿ ಹಾಕಿದಂಥ ಸುಸ್ತು. ಆದರೂ ಅವಳು ಬೆಳಗ್ಗೆ ಏಳುವಾಗ ಒಬ್ಬೊಬ್ಬರನ್ನೇ ನೆನೆಯುತ್ತಿದ್ದಳು. ಅತ್ತೆಯನ್ನು, ಇಬ್ಬರು ಡಾಕ್ಟರುಗಳನ್ನು, ಗಂಡನನ್ನು, ಎಲ್ಲೋ ಕೂತು ಈ ಔಷಧಿ ಕಂಡುಹಿಡಿದ, ತಾನೆಂದೂ ನೋಡದ ಜನರನ್ನು.

ಮತ್ತೆ ಆ ಸೀಟಿನಲ್ಲಿ ಕೂತ ದಿನ ಯಜಮಾನರು ಕಾರು ತೊಳೆಸಿಟ್ಟಿದ್ದರು. “ಹುಷಾರು, ಹತ್ತಿರದ ರಸ್ತೆಗಳಲ್ಲೇ ಸುತ್ತು” ಎಂದರು. ಹಾಗೇ ಸುತ್ತಿದಳು. ಕಾಯಿಲೆ ತಣ್ಣಗಾಗಿದ್ದರೂ ಭಯ ತಣ್ಣಗಾಗಿರಲಿಲ್ಲ. ಬಂಕಿನಿಂದ ಗ್ರಂಥಾಲಯ, ಗ್ರಂಥಾಲಯದಿಂದ ಸ್ಟೇಷನ್ನು, ಅದೇ ದಾರಿ. ಅಷ್ಟರಲ್ಲಿ ಲೈಸೆನ್ಸ್ ಪರೀಕ್ಷೆಯ ಮೈದಾನ ನದಿಯ ಆಚೆ ದಡಕ್ಕೆ ಹೋಯಿತು. ಅಲ್ಲಿಗೆ ಹೋಗಲು ಉದ್ದ ಸೇತುವೆ ದಾಟಬೇಕು. ಸೇತುವೆ ಏರಿದ ಮೇಲೆ ತಿರುಗುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ, ಕೆಳಗೆ ನೀರು, ಮೇಲೆ ಆಕಾಶ. ಪರೀಕ್ಷೆಯ ದಾರಿಯಲ್ಲೇ ಕಲಿಸದವಳು ಎಂಥ ಮೇಷ್ಟ್ರು? ಯಜಮಾನರು, “ಸೇತುವೆ ಪಾಠ ನಾನು ನೋಡ್ಕೋತೀನಿ ಬಿಡು” ಎಂದರು. ಆ ಮಾತಿನ ಅರ್ಥ ಅವಳಿಗೆ ಚುಚ್ಚಿತು. ಅರ್ಧ ಸೀಟು ಅವಳದು, ಅರ್ಧ ಸೀಟು ಭಯದ್ದು. “ಬೇಡ ಸಾರ್, ನಾನೇ ಹೋಗ್ತೀನಿ” ಎಂದಳು.

ಅಂದು ಕಲಿಯಲು ಬಂದವರು ಒಬ್ಬ ಹಲ್ಲಿನ ಡಾಕ್ಟರು. ಊರಿನವರ ಹಲ್ಲನ್ನೆಲ್ಲ ನಿರ್ಭಯವಾಗಿ ಕೀಳುವ ಮನುಷ್ಯ, ಸ್ಟೀರಿಂಗ್ ಹಿಡಿದರೆ ಅವರದೇ ಹಲ್ಲು ಕಟಕಟ. ಸೇತುವೆ ಏರಿದರು. ನಡುಮಧ್ಯಕ್ಕೆ ಬರುವಷ್ಟರಲ್ಲಿ ಮುಂದಿನ ಗಾಡಿಗಳ ಕೆಂಪು ದೀಪ ಒಂದೊಂದಾಗಿ ಹತ್ತಿದವು. ದೂರದಲ್ಲಿ ಲಾರಿಯೊಂದು ಅಡ್ಡ ನಿಂತುಬಿಟ್ಟಿತ್ತು. ಹಿಂದೆಯೂ ಗಾಡಿ, ಮುಂದೆಯೂ ಗಾಡಿ. ಬಿಸಿಲು ಏರಿತು. ಜನ ಇಳಿದು ಕೈ ಮೇಲೆತ್ತಿ ಕಾಣದ ಲಾರಿಯವನಿಗೆ ಶಾಪ ಹಾಕತೊಡಗಿದರು. ಹಾರ್ನ್ ಮೇಲೆ ಹಾರ್ನ್.

ಹಲ್ಲಿನ ಡಾಕ್ಟರೂ ಹಾರ್ನ್ ಒತ್ತಿದರು. “ಮೇಡಂ, ಎಷ್ಟು ಹೊತ್ತಾಗುತ್ತೋ ಏನೋ! ಇಲ್ಲಿ ಸಿಕ್ಕಿಹಾಕ್ಕೊಂಡ್ರೆ ಗತಿ ಏನು?”

“ಹಾರ್ನ್ ಬಿಡಿ ಸಾರ್. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಆರಾಮಾಗಿ ಕೂತ್ಕೊಳ್ಳಿ” ಎಂದಳು ಅವಳು. “ನಮಗೇನು ಅವಸರ?”

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ನಮಗೇನು ಅವಸರ? ಅವಳು ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟುಕೊಂಡಳು. ಹೊಟ್ಟೆ ಸುಮ್ಮನಿತ್ತು. ಅದಕ್ಕಿಂತ ಹೆಚ್ಚಾಗಿ, ಸೇತುವೆ ಏರಿದಾಗಿನಿಂದ ಅದರ ನೆನಪೇ ಬಂದಿರಲಿಲ್ಲ. ಸುತ್ತ ಎಲ್ಲರೂ ಬೈಯುತ್ತಿದ್ದರು, ಬೆವರುತ್ತಿದ್ದರು, ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವಳು ಕಿಟಕಿಯ ಗಾಜು ಇಳಿಸಿ ನದಿ ನೋಡಿದಳು.

ಫೋನು ತೆಗೆದು ಮನೆಗೆ ಮಾಡಿದಳು. “ಅತ್ತೆ, ಊಟಕ್ಕೆ ಕಾಯ್ಬೇಡಿ. ಸೇತುವೆ ಮೇಲೆ ಸಿಕ್ಕಿಹಾಕ್ಕೊಂಡಿದ್ದೀನಿ. ಮುಂದೆ ಹೋಗೋ ಹಾಗಿಲ್ಲ, ಹಿಂದೆ ಬರೋ ಹಾಗಿಲ್ಲ.”

“ಅಯ್ಯೋ ದೇವರೇ! ಸೇತುವೆ ಮೇಲಾ? ಹೇಗಿದ್ದೀಯೇ? ಏನ್ ಮಾಡ್ತಾ ಇದ್ದೀಯೇ?”

“ಏನಿಲ್ಲ ಅತ್ತೆ. ಸುಮ್ನೆ ಕೂತಿದ್ದೀನಿ.”

ಏನನ್ನಾದರೂ ಮುಖಕ್ಕೆ ಹೊಡೆದಂತೆ ಹೇಳುವ ಅತ್ತೆ ಅಳುತ್ತಲೇ ಹೇಳಿದರು: “ಕೂತ್ಕೋ ನನ್ನ ತಾಯಿ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ.”